ಗಿರಣಿ ಉಚ್ಚಂಗೆವ್ವನ ಪಿ.ಪಿ. ನಂಬರು

ನಮ್ಮ ಅಕ್ಕ ಪುಷ್ಪಾವತಿಯ ಮದುವೆ ಕಾರ್ಡಿನಲ್ಲಿ ಅಪ್ಪನ ಹೆಸರಿನ ಕೆಳಗೆ ಒಂದು ಫೋನ್ ನಂಬರಿದೆ. ಅದರ ಮುಂದೆ ಪಿ.ಪಿ. ಎಂದು ಎರಡಕ್ಷರ. ಅದರ ಪೂರ್ತಿ ಇಂಗ್ಲಿಷು ಏನೆಂದು ಆಗ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಇವತ್ತಿಗೂ ಗೊತ್ತಿಲ್ಲ. ಅರ್ಥ ಮಾತ್ರ ಎಲ್ಲರಿಗೂ ಗೊತ್ತಿತ್ತು: ಈ ಫೋನು ನಮ್ಮದಲ್ಲ, ಬಾಜೂ ಮನೆಯವರದು, ನೀವು ಮಾಡಿರಿ, ಅವರು ನಮ್ಮನ್ನು ಕರೆಯುತ್ತಾರೆ. ಇನ್ನೊಬ್ಬರ ಮನೆಯ ನಂಬರನ್ನು ಮಗಳ ಮದುವೆ ಕಾರ್ಡಿಗೆ ಹಾಕಿಸುವ ಮುಂಚೆ ಅಪ್ಪ ಒಂದು ಮಾತು ಕೇಳಿರಲಿಲ್ಲ. ಕೇಳಲು ಹೋಗಿದ್ದರೆ, ಇದನ್ನೇನು ಕೇಳುವುದು ಎಂದು ಉಚ್ಚಂಗೆವ್ವ ದೊಡ್ಡವ್ವನ ಕೈಲಿ ಬೈಸಿಕೊಂಡು ಬರುತ್ತಿದ್ದ.

ದೊಡ್ಡವ್ವ ಅಂದರೆ ನಮ್ಮ ಬಳಗದವಳೇನಲ್ಲ. ಕುಪ್ಪೇಲೂರಿನ ನಮ್ಮ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸು. ಊರಲ್ಲಿ ಬೇರೆ ಫೋನುಗಳೂ ಇದ್ದವು, ಇಲ್ಲವೆಂದಲ್ಲ. ಒಂದು ಮನೆಯವರು ಫೋನಿಗೆ ಬೀಗ ಹಾಕಿದ ಪೆಟ್ಟಿಗೆ ಮಾಡಿಸಿದ್ದರು. ಇನ್ನೊಂದು ಮನೆಯಲ್ಲಿ ಯಾರನ್ನಾದರೂ ಕರೆಯಿರಿ ಎಂದರೆ, ‘ಅವರು ಊರಾಗಿಲ್ಲ’ ಎಂದು ಕೂತಲ್ಲಿಂದಲೇ ಹೇಳಿ ಇಟ್ಟುಬಿಡುತ್ತಿದ್ದರು. ಗಿರಣಿ ಮನೆಯದು ಹಾಗಲ್ಲ. ಅಲ್ಲಿ ಫೋನು ಬಡಿದುಕೊಂಡರೆ ಉಚ್ಚಂಗೆವ್ವ ಜೋಳದ ಡಬ್ಬಿಯನ್ನು ಅರ್ಧಕ್ಕೇ ಬಿಟ್ಟು, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಓಡುತ್ತಿದ್ದಳು. ಎತ್ತಿದ ಕೂಡಲೇ ಒಂದೇ ಮಾತು, “ಹಲೋ, ಕುಪ್ಪೇಲೂರು ಗಿರಣಿ ಮನಿ. ಯಾರನ್ನ ಕರೀಲಿ?” ಹೆಸರು ಕೇಳಿಕೊಂಡ ಮೇಲೆ ಇನ್ನೊಂದು ಮಾತು, “ಹತ್ತು ಮಿನಿಟ ಬಿಟ್ಟು ಮಾಡ್ರಿ, ಕರಿಸಿರ್ತೇನಿ.” ಯಾರು ಮಾಡಿದರೂ ಇಷ್ಟೇ. ಸ್ವಂತ ಮಗ ಮಾಡಿದರೂ ಇಷ್ಟೇ. ಮಗ ಪ್ರವೀಣಕುಮಾರ ಬ್ಯಾಡಗಿಯಿಂದ ಮೆಣಸಿನಕಾಯಿ ತುಂಬಿಕೊಂಡು ಹೋಗುವ ಲಾರಿಯ ಡ್ರೈವರು. ಅವನು ಎಲ್ಲೋ ದೂರದ ಊರಿಂದ ಫೋನು ಮಾಡಿ, ದನಿ ಬದಲಿಸಿ, “ಗಿರಣಿ ಉಚ್ಚಂಗೆವ್ವನ್ನ ಕರೀರಿ” ಎನ್ನುತ್ತಿದ್ದ. ಆಕೆಗೆ ಗೊತ್ತಾಗುತ್ತಿತ್ತು. ಆದರೂ ಬಿಗಿಯಾಗಿ, “ಆಕಿಗೆ ಕೆಲಸ ಐತಿ. ಹತ್ತು ಮಿನಿಟ ಬಿಟ್ಟು ಮಾಡ್ರಿ” ಎನ್ನುತ್ತಿದ್ದಳು. ಆಮೇಲೆ ಇಬ್ಬರೂ ನಗುತ್ತಿದ್ದರು. ಜೋಳ ಬೀಸಿಸಲು ಕೂತವರಿಗೆಲ್ಲ ಇದು ಬಾಯಿಪಾಠವಾಗಿತ್ತು.

ಕರೆಯಲು ಆಕೆಯ ಹತ್ತಿರ ಮೈಕಿತ್ತು. ಗಂಡ ಮೈಲಾರೆಪ್ಪ ಇದ್ದಾಗ ಮದುವೆ, ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅವನು ಹೋದ ಮೇಲೆ ಉಳಿದ ಸಾಮಾನೆಲ್ಲ ಮಾರಿದರೂ ಒಂದು ಹಾರ್ನನ್ನು ಗಿರಣಿಯ ಮಾಳಿಗೆಯ ಮೇಲೆ ಕಟ್ಟಿಸಿಕೊಂಡಿದ್ದಳು. ಫೋನು ಬಂದರೆ ಗುಂಡಿ ಒತ್ತಿ, ಎರಡು ಸಲ ಉಫ್ ಉಫ್ ಎಂದು ಊದಿ, “ಏ ಶಂಕ್ರಪ್ಪನ ಮನಿಯವರೂ, ಗುತ್ತಲದಿಂದ ನಿಮ್ಮ ಅಳಿಯಾರ ಫೋನ್ ಬಂದೈತಿ, ಲಗೂ ಬರ್ರಿ!” ಎಂದು ಕೂಗುತ್ತಿದ್ದಳು. ಶಂಕ್ರಪ್ಪ ನಮ್ಮಪ್ಪ. ಅಪ್ಪ ಹೊಲದಲ್ಲಿದ್ದರೂ ಕೇಳಿಸುತ್ತಿತ್ತು. ನಾವು ಹೋಗಿ ಮಾತಾಡಿ ಇಟ್ಟ ಮೇಲೆ, ಸುದ್ದಿ ಒಳ್ಳೆಯದಿದ್ದರೆ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ಕೈಗೆ ಹಾಕಿ ಕಳಿಸುವುದು ಆಕೆಯ ಪದ್ಧತಿ.

ಮೈಕಿನಿಂದ ಅವಮಾನವೂ ಆಗುತ್ತಿತ್ತು, ಅದನ್ನೂ ಹೇಳಬೇಕು. ನನ್ನನ್ನು ನೋಡಲು ಬರಬೇಕಾದ ರಾಣೇಬೆನ್ನೂರಿನ ವರನ ಕಡೆಯವರು ಫೋನು ಮಾಡಿ ಬರುವುದಿಲ್ಲ ಎಂದಾಗ, “ನಿರ್ಮಲಾನ್ನ ನೋಡಾಕ ಬರಾವ್ರು ನಾಳೆ ಬರಂಗಿಲ್ಲಂತವಾ!” ಎಂದು ಊರಿಗೆಲ್ಲ ಸಾರಿಬಿಟ್ಟಳು. ನಾನು ಉರಿದುಬಿದ್ದು ಗಿರಣಿಗೆ ಹೋಗಿ, “ದೊಡ್ಡವ್ವಾ, ಕೆಟ್ಟ ಸುದ್ದಿ ಮೈಕಿನ್ಯಾಗ ಹೇಳಂಗಿಲ್ಲ ಅಂತೀದಿ, ಇದೇನು?” ಎಂದು ಜಗಳ ತೆಗೆದೆ. ಆಕೆ ನನ್ನ ಕೈಗೆ ಸಕ್ಕರೆ ಹಾಕಿದಳು. “ಇದು ಕೆಟ್ಟ ಸುದ್ದಿ ಅಂತ ಯಾರು ಹೇಳಿದ್ರು? ಆ ಹುಡುಗನ ಮಾರಿ ನಾ ನೋಡೇನಿ” ಎಂದಳು.

ಕೆಟ್ಟ ಸುದ್ದಿ ಮೈಕಿನಲ್ಲಿ ಹೇಳುವುದಿಲ್ಲ ಎಂಬುದು ನಿಜವಾಗಿಯೂ ಆಕೆಯ ನೇಮವಾಗಿತ್ತು. ಮೈಲಾರೆಪ್ಪ ಕದರಮಂಡಲಗಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಮೈಕ್ ಕಟ್ಟಲು ಹೋದವನು ಎದೆ ಹಿಡಿದುಕೊಂಡು ಕೂತ, ಕೂತವನು ಏಳಲಿಲ್ಲ. ಆ ಹೊತ್ತಿಗೆ ಉಚ್ಚಂಗೆವ್ವ ಗುತ್ತಲದಲ್ಲಿ ಬಳಗದವರ ಮದುವೆಯಲ್ಲಿ ಊಟಕ್ಕೆ ಕೂತಿದ್ದಳು. ಸುದ್ದಿ ಮದುವೆ ಮನೆಗೆ ಬಂತು. ಅಷ್ಟು ಜನರ ನಡುವೆ ಆಕೆಯನ್ನು ಹುಡುಕುವುದು ಹೇಗೆಂದು ಗಾಬರಿಯಾದ ಯಾರೋ ಮೈಕಿನವನಿಗೆ ಹೇಳಿದರು, ಅವನು ಹೇಳಿದ್ದನ್ನು ಹೇಳಿದಂತೆ ಕೂಗಿಬಿಟ್ಟ. “ನನ್ನ ಗಂಡ ಸತ್ತದ್ದು ನನಗಿಂತ ಮೊದಲ ಬಡಸಾವ್ರಿಗೆ ತಿಳೀತು. ಸಾರಿನ ಬಕೀಟ ಹಿಡಕೊಂಡು ನನ್ನ ಮಾರಿ ನೋಡ್ಕೋತ ನಿಂತಿದ್ರು” ಎಂದು ಒಮ್ಮೆ ಹೇಳಿದ್ದಳು. ಒಮ್ಮೆಯೇ ಹೇಳಿದ್ದು. ಹಾಗಾಗಿ ಫೋನಿನಲ್ಲಿ ಸಾವೋ ನೋವೋ ಬಂದರೆ ಆಕೆ ಮೈಕು ಮುಟ್ಟುತ್ತಿರಲಿಲ್ಲ. ಗಿರಣಿ ಬಂದ್ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ನಡೆದುಕೊಂಡು ಆ ಮನೆಗೆ ಹೋಗುತ್ತಿದ್ದಳು. ದಾರಿಯಲ್ಲಿ ಯಾರು ಕೇಳಿದರೂ ತುಟಿ ಬಿಚ್ಚುತ್ತಿರಲಿಲ್ಲ, ಏಕೆಂದರೆ ಮನೆಯವರ ಕಿವಿಗೇ ಮೊದಲು ಬೀಳಬೇಕು. ಹೋಗಿ, ಬಾಜೂ ಕೂತು, ಕೈ ಹಿಡಿದುಕೊಂಡು ಹೇಳಿ, ಅವರ ಜೊತೆ ಅತ್ತು, ಒಲೆ ಹಚ್ಚಿ ಚಹಾ ಮಾಡಿಟ್ಟು ಬರುತ್ತಿದ್ದಳು.

ಇದರಿಂದ ಏನಾಯಿತೆಂದರೆ, ಉಚ್ಚಂಗೆವ್ವ ಸೆರಗು ಹೊದ್ದು ಓಣಿಯಲ್ಲಿ ನಡೆದಳೆಂದರೆ ಊರಿಗೆ ಊರೇ ನಿಂತು ನೋಡುತ್ತಿತ್ತು. ಯಾರ ಮನೆಯ ಮುಂದೆ ನಿಲ್ಲುತ್ತಾಳೋ ಅಂತ. ಆಕೆಗೆ ಮಾತ್ರ ಇದು ಗೊತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಅಕ್ಕ ಹಾವೇರಿಯ ಆಸ್ಪತ್ರೆಯಲ್ಲಿದ್ದಳು. ಅದು ಆಕೆಯ ಮೂರನೇ ಬಸುರು. ಮೊದಲಿನ ಎರಡೂ ಕೂಸುಗಳು ದಿನ ತುಂಬುವ ಮುಂಚೆ ಹೊಟ್ಟೆಯಲ್ಲೇ ಹೋಗಿದ್ದವು. ಎರಡನೆಯ ಸಲ ಅಕ್ಕನೂ ಉಳಿಯುವುದು ಕಷ್ಟವಾಗಿತ್ತು. ಈ ಸಲ ಡಾಕ್ಟರು ಮುಂಚಿತವಾಗಿಯೇ ಬಂದು ಮಲಗಿರಿ ಎಂದಿದ್ದರು. ಭಾವ ಮಾಂತೇಶ, ಅವನ ತಾಯಿ ಹೊಳಿಯವ್ವ ಜೊತೆಗಿದ್ದರು, ಅಪ್ಪನೂ ಬಸ್ಸು ಹತ್ತಿದ್ದ. ಹೋಗಲೇಬೇಕಾದವಳು ನಮ್ಮವ್ವ ಸೋಮವ್ವ. ಆದರೆ ಅವ್ವ ತಿಪ್ಪೆಗೆ ಸಗಣಿ ಹಾಕಲು ಹೋಗಿ ಜಾರಿ ಕಾಲು ಮುರಿದುಕೊಂಡು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಬಿದ್ದಿದ್ದಳು. ಆಕೆಯನ್ನು ನೋಡಿಕೊಳ್ಳಲು ನಾನು. ಹೆರಿಗೆಯಾದ ಕೂಡಲೇ ಆಸ್ಪತ್ರೆಯ ಮುಂದಿನ ಕಾಯಿನ್ ಬಾಕ್ಸಿನಿಂದ ಗಿರಣಿ ಮನೆಗೆ ಫೋನು ಮಾಡುತ್ತೇನೆಂದು ಅಪ್ಪ ಹೇಳಿ ಹೋಗಿದ್ದ.

“ಮೈಕ್ ಆತೇನಬೇ?” ಅವ್ವ ಕೇಳುವುದು ಇದೊಂದೇ. ಕಾಗೆ ಕೂಗಿದರೂ ಕೇಳುವಳು, ಬಸ್ಸು ಹಾರ್ನ್ ಹೊಡೆದರೂ ಕೇಳುವಳು. “ಆದ್ರ ನಿನಗೂ ಕೇಳಸ್ತೈತಲ್ಲ, ಮುರದದ್ದು ಕಾಲು, ಕಿವಿ ಅಲ್ಲ” ಎಂದು ನಾನು ಸಿಡುಕುತ್ತಿದ್ದೆ. ಸಿಡುಕಿದರೂ ನನ್ನ ಕಿವಿಯೂ ಗಿರಣಿಯ ಮಾಳಿಗೆಯ ಕಡೆಗೇ ಇತ್ತು.

ಈಗ ನಮ್ಮ ಶಾಣ್ಯಾತನ ಕೇಳಿರಿ. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಗಿ ದಿನಗಳಾಗಿದ್ದವು. ಗಿರಣಿ ನಿಂತಿತ್ತು, ಜನ ಜೋಳದ ಡಬ್ಬಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದ್ದರು. ನಾನು ಒಂದು ಕೈಯಲ್ಲಿ ಅವ್ವನಿಗೆ ಬೀಸಣಿಕೆ ಬೀಸುತ್ತ, ಕಿವಿಯನ್ನು ಮೈಕಿನ ಕಡೆ ಇಟ್ಟುಕೊಂಡಿದ್ದೆ. ಗಿರಣಿ ಓಡಿಸಲು ಕರೆಂಟಿಲ್ಲದಾಗ ಮೈಕಾದರೂ ಹೇಗೆ ಕೂಗೀತು ಎಂಬುದು ನನಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ, ಇಡೀ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಫೋನಿಗೆ ಮನೆಯ ಕರೆಂಟು ಬೇಕಿರಲಿಲ್ಲ, ಅದು ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು.

ಊಟದ ಹೊತ್ತು ಮೀರಿತ್ತು. ನಾನು ಕಿಡಕಿಯ ಬುಡದಲ್ಲಿ ಹೊಲಿಗೆ ಮಿಶನ್ನಿಗೆ ಕೂತು ಯಾರದೋ ಕೆಂಪು ಕುಬಸ ಹೊಲಿಯುತ್ತಿದ್ದೆ. ಹಿತ್ತಲ ಬಾಗಿಲಿಂದ ದೌಲತಬಿ ಒಳಗೆ ಬಂದಳು. ಓಣಿಯ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುವ ಕಾಸೀಮಸಾಬನ ಹೆಂಡತಿ, ಅವ್ವನ ಗೆಳತಿ. ಯಾವಾಗಲೂ ಹೊಸಿಲಾಚೆಯಿಂದಲೇ ಮಾತು ಸುರು ಮಾಡುವ ಹೆಂಗಸು ಅವತ್ತು ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಸೀದಾ ಅವ್ವನ ಬಾಜೂ ಕೂತು ಆಕೆಯ ಕೈ ಹಿಡಿದುಕೊಂಡಳು.

“ಏನ ದೌಲತಾ?” ಅವ್ವ ಕೇಳಿದಳು.

“ಏನಿಲ್ಲ ಸೋಮಕ್ಕಾ. ಸುಮ್ಮನ ಬಂದೆ” ಎಂದಳು ದೌಲತಬಿ, ಮುಖ ಆಚೆ ತಿರುಗಿಸಿ.

ನಾನು ಎದ್ದು ಕಿಡಕಿಯಿಂದ ನೋಡಿದೆ. ಓಣಿಯ ಆ ತುದಿಯಿಂದ ಉಚ್ಚಂಗೆವ್ವ ದೊಡ್ಡವ್ವ ಬರುತ್ತಿದ್ದಳು. ತಲೆಯ ಮೇಲೆ ಸೆರಗು. ನಡೆದುಕೊಂಡು. ಹಿಂದೆ ಜನ. ಕಾಸೀಮಸಾಬ ಪಂಪು ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದ. ಹೆಂಗಸರು ಕೊಡಗಳನ್ನು ನಳದ ಹತ್ತಿರವೇ ಬಿಟ್ಟು ಬಂದಿದ್ದರು. ಒಂದೊಂದು ಮನೆಯನ್ನು ಆಕೆ ದಾಟಿದ ಹಾಗೆಲ್ಲ ಆ ಮನೆಯವರು ಉಸಿರು ಬಿಟ್ಟು ಹಿಂದೆ ಸೇರಿಕೊಳ್ಳುತ್ತಿದ್ದರು. ನಮ್ಮ ಮನೆಯ ಹೊರತು ಇನ್ನು ಯಾವ ಮನೆಯೂ ಮುಂದೆ ಉಳಿದಿರಲಿಲ್ಲ.

ನಾನು ಬಾಗಿಲು ಹಾಕಿ ಅಗಳಿ ಜಡಿದೆ. ಯಾಕೆ ಅಂದರೆ ಏನು ಹೇಳಲಿ? ಆ ಮಾತು ಹೊಸಿಲು ದಾಟದಿದ್ದರೆ ಅಕ್ಕ ಇನ್ನೂ ಇರುತ್ತಾಳೆ ಅನ್ನಿಸಿತು. ಅಷ್ಟೇ.

ಅವ್ವನಿಗೆ ಬಾಗಿಲು ಹಾಕಿದ ಸಪ್ಪಳವೇ ಸಾಕಾಯಿತು. “ನನ್ನ ಪುಷ್ಪಾ... ಯವ್ವಾ ನನ್ನ ಮಗಳ...” ಎಂದು ಎದೆ ಬಡಿದುಕೊಂಡು ಕೂಗಿದಳು. ಪ್ಲಾಸ್ಟರಿನ ಕಾಲು ಎಳೆದುಕೊಂಡು ಏಳಲು ಹೋದಳು, ದೌಲತಬಿ ತಬ್ಬಿ ಹಿಡಿದಳು. ಅವ್ವನ ದನಿ ಕೇಳಿ ಹೊರಗಿನ ಹೆಂಗಸರೂ ಸುರು ಮಾಡಿದರು. ಬಾಗಿಲು ಧಡಧಡ ಬಡಿಯುತ್ತಿತ್ತು. ಗಿರಣಿಯ ಹಿಟ್ಟು ಕುಡಿದು ಕುಡಿದು ಉಚ್ಚಂಗೆವ್ವನಿಗೆ ದಮ್ಮಿತ್ತು, ಬಿಸಿಲಿನಲ್ಲಿ ಬಿರಬಿರ ನಡೆದು ಬಂದವಳಿಗೆ ಉಸಿರೇ ಹೊರಡುತ್ತಿರಲಿಲ್ಲ. ಮೈಕಿನಲ್ಲಿ ಹೊಲದವರೆಗೆ ಮುಟ್ಟುತ್ತಿದ್ದ ದನಿ ಅವತ್ತು ಒಂದು ಬಾಗಿಲು ದಾಟಲಿಲ್ಲ. ನಾನು ಅಗಳಿಗೆ ಬೆನ್ನು ಕೊಟ್ಟು ನಿಂತಿದ್ದೆ.

ಬಡಿಯುವುದು ನಿಂತಿತು. ಕಿಡಕಿಯ ಸರಳುಗಳ ನಡುವಿನಿಂದ ಒಂದು ಕೈ ಒಳಗೆ ಬಂತು. ಬಳೆಯಿಲ್ಲದ ಕೈ, ಉಗುರಿನ ಸಂದಿಯಲ್ಲಿ ಹಿಟ್ಟು. ಮುಷ್ಟಿ ಬಿಚ್ಚಿತು. ಮಿಶನ್ನಿನ ಮೇಲಿದ್ದ ಕೆಂಪು ಕುಬಸದ ಮೇಲೆ ಬೆಳ್ಳಗೆ ಏನೋ ಸುರಿಯಿತು. ಕೈ ಹೊರಗೆ ಹೋಗಿ, ಮತ್ತೆ ಮುಷ್ಟಿ ತುಂಬಿಕೊಂಡು ಬಂದು, ಮತ್ತೆ ಸುರಿಯಿತು.

ನಾನು ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡೆ. ಸಕ್ಕರೆ.

ದೌಲತಬಿಯೇ ಎದ್ದು ಅಗಳಿ ತೆಗೆದಳು. ಉಚ್ಚಂಗೆವ್ವ ಒಳಗೆ ಬಂದವಳೇ ನೆಲಕ್ಕೆ ಕೂತಳು. ಒಂದು ತಂಬಿಗೆ ನೀರು ಪೂರ್ತಿ ಕುಡಿದಳು. ಆಮೇಲೆ ಉಡಿಯಲ್ಲಿ ಉಳಿದ ಸಕ್ಕರೆಯನ್ನು ಅವ್ವನ ಮಡಿಲಿಗೆ ಸುರಿದು, ಆಕೆಯ ಎರಡೂ ಕೈ ಹಿಡಿದುಕೊಂಡು, “ಹೆಣ್ಣು ಹಡದಾಳ. ತಾಯಿ ಆರಾಮ, ಮಗಳೂ ಆರಾಮ. ಶಂಕ್ರಪ್ಪ ತಾನ ಕೂಸಿನ ಅಳು ಕೇಳೇನಿ ಅಂದ” ಎಂದಳು. ನನ್ನ ಕಡೆ ತಿರುಗಿ, “ನಿಮ್ಮ ಬಾಗಲಾ ಸುಡ್ಲಿ! ಯಾಕ ಹಾಕಿದ್ಯೇ ಹುಚ್ಚಿ?” ಎಂದು ಬೈದಳು.

“ನೀ ಸೆರಗು ಹೊದ್ಕೊಂಡು ನಡಕೋತ ಬಂದಿ ದೊಡ್ಡವ್ವಾ” ಎಂದೆ. ಅಷ್ಟು ಹೇಳುವಾಗ ನನಗೆ ಅಳು ಬಂತು.

“ಕರೆಂಟ ಇಲ್ಲಲ್ಲೇ, ಬಿಸಲು ಬ್ಯಾರೆ, ಮತ್ತ ಹೆಂಗ ಬರ್ಲಿ? ಹಾರಿ ಬರ್ಲೇನು?”

ಬಾಗಿಲಲ್ಲಿ ನಿಂತಿದ್ದ ಕಾಸೀಮಸಾಬ ಪಂಪಿನಿಂದ ತನ್ನ ಹಣೆಗೆ ಹೊಡೆದುಕೊಂಡ. “ಏ ಅಕ್ಕಾ, ದಾರ್ಯಾಗ ಎಷ್ಟ ಕೇಳಿದೆ ನಾ! ಒಂದ ಮಾತು ಹೇಳಬಾರದಾ?”

“ಮನಿಯವರಿಗಿಂತ ಮೊದಲ ನಿನಗ ಹೆಂಗ ಹೇಳ್ಲೋ?” ಎಂದಳು. ಆಗ ಜನ ನಗಲು ಸುರು ಮಾಡಿದರು. ಅತ್ತವರೇ ನಕ್ಕರು. ಅವ್ವ ಅಳುತ್ತಲೇ ನಕ್ಕಳು, ಪ್ಲಾಸ್ಟರಿನ ಮೇಲೆ ಬಿದ್ದ ಸಕ್ಕರೆಯನ್ನು ಒಂದೊಂದೇ ಹರಳು ಹೆಕ್ಕಿ ತಿಂದಳು. ಉಚ್ಚಂಗೆವ್ವ ಮಾತ್ರ ನಗದೆ ಎಲ್ಲರ ಮುಖ ನೋಡುತ್ತಿದ್ದಳು. ಕಡೆಗೆ ಮೆಲ್ಲಗೆ, “ನನ್ನ ಕಾಲಿಗೆ ಇಂಥಾ ಹೆಸರು ಬಂದೈತಿ ಅಂತ ನನಗ ಗೊತ್ತಿರಲಿಲ್ಲವಾ” ಎಂದಳು. ಅವ್ವ ಆ ಕಾಲುಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಉಚ್ಚಂಗೆವ್ವ ಬೈದು ಕಾಲು ಹಿಂದಕ್ಕೆ ಎಳೆದುಕೊಂಡಳು.

ಕೂಸಿಗೆ ಸಕ್ಕರೆ ಎಂದು ಹೆಸರಿಡಲು ಬರುವುದಿಲ್ಲವಲ್ಲ, ಮಧು ಎಂದು ಇಟ್ಟರು.

ಅವತ್ತಿನಿಂದ ದೊಡ್ಡವ್ವ ತನ್ನ ಪದ್ಧತಿಯನ್ನು ಸ್ವಲ್ಪ ಬದಲಿಸಿದಳು. ಕರೆಂಟು ಇದ್ದಾಗಲೂ ಒಳ್ಳೆಯ ಸುದ್ದಿ ಇದ್ದರೆ ಒಮ್ಮೊಮ್ಮೆ ಮೈಕು ಬಿಟ್ಟು ನಡೆದುಕೊಂಡೇ ಹೋಗುವಳು. ಕೈಯಲ್ಲಿ ಸ್ಟೀಲಿನ ಬಟ್ಟಲು, ಬಟ್ಟಲಲ್ಲಿ ಸಕ್ಕರೆ, ಬಟ್ಟಲನ್ನು ದೂರದವರಿಗೂ ಕಾಣುವ ಹಾಗೆ ಮುಂದೆ ಚಾಚಿ ಹಿಡಿಯುವಳು. ತನ್ನ ಕಾಲಿಗೆ ಬಂದ ಹೆಸರನ್ನು ತಾನೇ ತೊಳೆಯಬೇಕೆಂಬ ಹಟ. ಕಾಸೀಮಸಾಬ ಬಟ್ಟಲು ಕಂಡರೆ ರಿಪೇರಿಗೆ ಬಂದ ಸೈಕಲ್ಲಿನ ಗಂಟೆ ಬಾರಿಸಿ ಓಣಿಗೆಲ್ಲ ತಿಳಿಸುತ್ತಿದ್ದ. ಬಟ್ಟಲಿಲ್ಲದ ನಡಿಗೆಯೂ ಇರುತ್ತಿತ್ತು. ಆಗ ಅವನು ಸುಮ್ಮನೆ ಎದ್ದು ನಿಲ್ಲುತ್ತಿದ್ದ.

ಆಮೇಲೆ ಮೊಬೈಲು ಬಂತು. ಅದನ್ನು ನಮ್ಮೂರಿಗೆ ತಂದ ಪುಣ್ಯಾತ್ಮರಲ್ಲಿ ನನ್ನ ಗಂಡನೂ ಒಬ್ಬ. ನಾನು ಮದುವೆಯಾದದ್ದು ಅದೇ ಊರಿನ ಕೆಳಗಿನ ಓಣಿಯ ಚೇತನಕುಮಾರನನ್ನು. ಅವನು ಬಸ್ಸು ನಿಲ್ಲುವ ಕಡೆ ಸಣ್ಣ ಅಂಗಡಿ ಹಾಕಿ ಸಿಮ್ಮು, ರಿಚಾರ್ಜು ಮಾರಲು ಸುರು ಮಾಡಿದ. ಅಂಗಡಿಯ ಹೆಸರನ್ನೂ ಮೊಬೈಲ್ ನಂಬರನ್ನೂ ಎಲ್ಲಿ ಬರೆಸಿದ ಗೊತ್ತೇ? ಗಿರಣಿಯ ಗೋಡೆಯ ಮೇಲೆ, ಆಳೆತ್ತರದ ಹಳದಿ ಅಕ್ಷರದಲ್ಲಿ. ಊರಿಗೆಲ್ಲ ಕಾಣುವ ಗೋಡೆ ಅದೊಂದೇ ಎಂದು ಸಮರ್ಥನೆ ಬೇರೆ. ನಾನು ನಾಚಿಕೆಯಿಂದ ದೊಡ್ಡವ್ವನಿಗೆ ಕೇಳಲು ಹೋದರೆ ಆಕೆ ಬಣ್ಣದವನಿಗೆ ಏಣಿ ಹಿಡಿದುಕೊಂಡು ನಿಂತಿದ್ದಳು. “ಇನ್ನಷ್ಟು ದಪ್ಪ ಬರೀಯಪ್ಪಾ, ನನ್ನಂಥಾ ಕಣ್ಣಿಲ್ಲದವರಿಗೂ ಕಾಣಬೇಕು” ಎನ್ನುತ್ತಿದ್ದಳು.

ಒಂದೊಂದೇ ಮನೆಗೆ ಮೊಬೈಲು ಹೋಯಿತು. ಮದುವೆ ಕಾರ್ಡುಗಳಲ್ಲಿ ಪಿ.ಪಿ. ಕಾಣದಾಯಿತು. ಗಿರಣಿ ಮನೆಯ ಫೋನು ಬಡಿದುಕೊಳ್ಳುವುದು ಕಡಿಮೆಯಾಗುತ್ತ ಬಂದು, ಕಡೆಗೆ ಪ್ರವೀಣನೊಬ್ಬನೇ ಮಾಡುವಂತಾಯಿತು. ಅವನು ತಾಯಿಗೆ ಮೊಬೈಲು ಕೊಡಿಸುತ್ತೇನೆಂದರೆ ಆಕೆ ಒಪ್ಪಲಿಲ್ಲ. “ಈ ನಂಬರು ಎಷ್ಟು ಮಂದಿ ಕಾರ್ಡಿನ ಮ್ಯಾಲೆ ಐತಿ. ಯಾರರೆ ಹಳೇ ಕಾರ್ಡು ನೋಡಿ ಮಾಡಿದ್ರ? ಎತ್ತಾವ್ರು ಯಾರು?” ಎಂದಳು. ನಾನು ಇದನ್ನು ಕೇಳಿ ಮನೆಗೆ ಬಂದು, ಗಂಡನ ಮುಂದೆ ಏನೂ ಹೇಳದೆ, ಅಕ್ಕನ ಕಾರ್ಡು ತೆಗೆದು ನೋಡಿದೆ. ನಾವೆಲ್ಲ ಮರೆತ ನಂಬರನ್ನು ಆಕೆ ನಮಗಾಗಿ ಕಾದುಕೊಂಡು ಕೂತಿದ್ದಳು.

ಎರಡು ಸಾವಿರದ ಒಂಬತ್ತರ ದಸರೆ ಮುಗಿದ ಮೇಲೆ ಆ ದೊಡ್ಡ ಮಳೆ ಬಂತಲ್ಲ, ಆಗ ಪ್ರವೀಣ ಆಂಧ್ರದ ಕಡೆ ಮೆಣಸಿನಕಾಯಿ ಇಳಿಸಿ ಕರ್ನೂಲಿನ ದಾರಿಯಲ್ಲಿ ವಾಪಸು ಬರುತ್ತಿದ್ದ. ಅಲ್ಲಿ ಊರೊಳಗೇ ನೀರು ನುಗ್ಗಿದೆ ಎಂದು ಟಿವಿಯಲ್ಲಿ ಬಂತು. ನಮ್ಮಲ್ಲಿಯೂ ಮಳೆಗೆ ಫೋನಿನ ಕಂಬ ಬಿದ್ದು ಗಿರಣಿ ಮನೆಯ ಫೋನು ಸತ್ತಿತ್ತು. ಅದು ಸತ್ತದ್ದು ಓಣಿಯಲ್ಲಿ ಬೇರೆ ಯಾರಿಗೂ ತಿಳಿಯಲೂ ಇಲ್ಲ, ಎಲ್ಲರ ಕಿಸೆಯಲ್ಲೂ ಮೊಬೈಲಿತ್ತು. ನಾನು ಹೋದಾಗ ಉಚ್ಚಂಗೆವ್ವ ಸತ್ತ ಫೋನನ್ನು ಮಡಿಲಲ್ಲಿಟ್ಟುಕೊಂಡು ಟಿವಿಯ ಮುಂದೆ ಕೂತಿದ್ದಳು. ಟಿವಿಯಲ್ಲಿ ಒಂದು ಲಾರಿ ನೀರಿನಲ್ಲಿ ತೇಲಿಕೊಂಡು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಲಾರಿ. ಮತ್ತೆ ಅದೇ ಲಾರಿ. ಜಗತ್ತಿಗೆಲ್ಲ ಸುದ್ದಿ ಹೇಳುವ ಟಿವಿಗೆ ಆಕೆಯೊಬ್ಬಳಿಗೆ ಬೇಕಾದ ಸುದ್ದಿ ಗೊತ್ತಿರಲಿಲ್ಲ.

ನಾನು ನನ್ನ ಮೊಬೈಲಿನಿಂದ ಪ್ರವೀಣನಿಗೆ ಹಚ್ಚಿದೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಉಚ್ಚಂಗೆವ್ವ ಕಿವಿ ತಂದು ಕೇಳಿಸಿಕೊಂಡಳು. “ಎಷ್ಟು ಆರಾಮ ಹೇಳ್ತಾಳ ನೋಡು ಈಕಿ” ಎಂದಳು. ಊಟ ಬೇಡವೆಂದಳು. ಕಾಸೀಮಸಾಬ ಬಂದು ಹೋದ, ದೌಲತಬಿ ರೊಟ್ಟಿ ತಂದಿಟ್ಟು ಹೋದಳು, ಯಾವುದೂ ಮುಟ್ಟಲಿಲ್ಲ. ಮರುದಿನ ಟಿವಿಯನ್ನೂ ಬಂದ್ ಮಾಡಿ, ಗಿರಣಿಯ ಕಟ್ಟೆಯ ಮೇಲೆ ಓಣಿಯ ಕಡೆ ಮುಖ ಮಾಡಿ ಕೂತಳು. ಯಾವುದಕ್ಕೆ ಕಾಯುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಜನ ಆ ದಾರಿಯಲ್ಲಿ ನಡೆಯಲು ಹೆದರಿ ಸುತ್ತು ಹಾಕಿ ಹೋಗುತ್ತಿದ್ದರು.

ಇಳಿಹೊತ್ತಿಗೆ ಅಂಗಡಿಯ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಗಂಡ ಯಾರಿಗೋ ರಿಚಾರ್ಜು ಮಾಡುತ್ತಿದ್ದ, ನಾನೇ ಎತ್ತಿದೆ.

“ನಿರ್ಮಲಕ್ಕಾ? ನಾ ಪ್ರವೀಣ. ಅವ್ವನ ಫೋನು ಹತ್ತವಲ್ದು.”

ಅವನೇ ಹೇಳಿದ. ಲಾರಿ ಬಿಟ್ಟು ಒಂದು ಶಾಲೆಯ ಮಾಳಿಗೆ ಹತ್ತಿ ಕೂತಿದ್ದರಂತೆ. ಮೊಬೈಲು ನೀರು ಪಾಲಾಗಿತ್ತು. ಅವನಿಗೆ ಬಾಯಿಗೆ ಬರುತ್ತಿದ್ದ ನಂಬರು ಮನೆಯದೊಂದೇ, ಅದು ಹತ್ತಲಿಲ್ಲ. “ಮತ್ತ ಯಾರದೂ ನೆನಪಾಗವಲ್ದು ಅಂತ ಕಣ್ಣು ಮುಚ್ಚಿ ಕುಂತಿದ್ದೆ. ನಮ್ಮ ಗಿರಣಿ ಗ್ವಾಡಿ ಕಣ್ಣ ಮುಂದ ಬಂತು ನೋಡಕ್ಕಾ. ದಿನಾ ನೋಡಿದ್ದಲ್ಲ, ಹಳದಿ ಅಕ್ಷರ. ಓದಿಕೊಂಡು ಹಚ್ಚಿದೆ” ಎಂದ.

ಫೋನು ಅವನದಲ್ಲ, ಅಲ್ಲಿ ಪಾಳಿ ಹಚ್ಚಿ ನಿಂತ ಜನ ಬೇರೆ. ನನ್ನ ಬಾಯಿಂದ ನಾನು ಯೋಚಿಸದೆಯೇ ಆ ಮಾತು ಬಂತು. “ಹತ್ತು ಮಿನಿಟ ಬಿಟ್ಟು ಮಾಡೋ ತಮ್ಮಾ, ಕರಿಸಿರ್ತೇನ...” ಎಂದವಳು ತಿದ್ದಿಕೊಂಡೆ, “ಅಲ್ಲ, ಫೋನು ನಾನ ಅಲ್ಲಿಗೆ ಒಯ್ದಿರ್ತೇನಿ.”

ನನ್ನ ಗಂಡ ಬೈಕಿನ ಚಾವಿ ತೆಗೆದುಕೊಂಡು, “ಹೋಗಿ ಕೂಗಿ ಹೇಳಿಬಿಡ್ತೇನಿ” ಎಂದ. ನಾನು ಚಾವಿ ಕಸಿದುಕೊಂಡೆ. ಯಾರೇ ಧಾವಿಸಿ ಹೋದರೂ, ಯಾರೇ ನಡೆದು ಹೋದರೂ, ಆಕೆಗೆ ದೂರದಿಂದ ಕಾಣುವುದು ಕೆಟ್ಟ ಸುದ್ದಿಯೊಂದೇ. ಆ ಎದೆ ಅದನ್ನು ತಡೆಯುತ್ತದೋ ಇಲ್ಲವೋ. ರಜೆಗೆಂದು ಮಧು ನಮ್ಮಲ್ಲಿಗೆ ಬಂದಿದ್ದಳು, ಅಂಗಡಿಯ ಬಾಗಿಲಲ್ಲಿ ಆಡುತ್ತಿದ್ದಳು. ಬಾಜೂ ಚಹಾದಂಗಡಿಯಿಂದ ಒಂದು ಸ್ಟೀಲಿನ ಬಟ್ಟಲಿಗೆ ಸಕ್ಕರೆ ತುಂಬಿಸಿ ತಂದು ಆ ಹುಡುಗಿಯ ಎರಡೂ ಕೈಗೆ ಕೊಟ್ಟೆ. “ಮುಂದ ಹಿಡೀ. ಮ್ಯಾಲೆ ಹಿಡೀ. ಗಿರಣಿ ಆಯಿ ಕುಂತಾಳಲ್ಲ, ಆಕಿ ಬಾಯಿಗೆ ಹಾಕಬೇಕು” ಎಂದೆ.

ಮಧು ಮುಂದೆ, ನಾನು ಹಿಂದೆ, ಮೊಬೈಲು ಹಿಡಿದು ನನ್ನ ಗಂಡ. ಕಾಸೀಮಸಾಬ ತನ್ನ ಅಂಗಡಿಯಲ್ಲಿ ನಮ್ಮನ್ನು ಕಂಡು ಎದ್ದು ನಿಂತ. ಬಟ್ಟಲು ಕಂಡ. ಕೈಗೆ ಸಿಕ್ಕ ಸೈಕಲ್ಲಿನ ಗಂಟೆ ಹಿಡಿದು ಬಾರಿಸತೊಡಗಿದ, ಅಳುತ್ತ ಬಾರಿಸಿದ. ಓಣಿಯವರು ಹೊರಬಿದ್ದು ಹಿಂದೆ ಸೇರಿಕೊಂಡರು.

ಆದರೆ ಉಚ್ಚಂಗೆವ್ವನ ಕಣ್ಣಿಗೆ ಬಟ್ಟಲು ಕಾಣಲಿಲ್ಲ, ಅಷ್ಟು ದೂರ ಆಕೆಗೆ ಕಾಣುತ್ತಲೇ ಇರಲಿಲ್ಲ. ಕಂಡದ್ದು ಜನ. ಸೆರಗನ್ನು ಮುಖಕ್ಕೆ ಎಳೆದುಕೊಂಡು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು. ನಾನು ಕೂಗಿದೆ, ಎಲ್ಲರೂ ಕೂಗಿದರು. ಆಕೆ ಕೈ ತೆಗೆಯಲಿಲ್ಲ. ಮಧುವಿಗೆ ಇದೆಲ್ಲ ಏನು ಗೊತ್ತು? ಕಟ್ಟೆ ಹತ್ತಿ, ಬಟ್ಟಲನ್ನು ಇಟ್ಟು, ಸೆರಗಿನೊಳಗೆ ಕೈ ತೂರಿಸಿ, ಹೇಳಿದ ಕೆಲಸವನ್ನು ಮಾಡಿದಳು.

ಸೆರಗು ಹಾಗೆಯೇ ಇತ್ತು. ಸೆರಗಿನೊಳಗೆ ತುಟಿ ಅಲುಗಿತು. ಆಮೇಲೆ ಕೈಗಳು ಕಿವಿಯಿಂದ ಮೆಲ್ಲಗೆ ಇಳಿದವು.

“ಯಾರಬೇ ನೀನು?”

“ನಾ ಮಧು.”

ಉಚ್ಚಂಗೆವ್ವ ಸೆರಗು ಸರಿಸಿ ಆ ಹುಡುಗಿಯ ಮುಖ ನೋಡಿದಳು, ನನ್ನನ್ನು ನೋಡಿದಳು. ನಾನು ಬಾಜೂ ಕೂತು ಕೈ ಹಿಡಿದುಕೊಂಡು, “ಆರಾಮ ಅದಾನ ದೊಡ್ಡವ್ವಾ. ಸಾಲಿ ಮಾಳಿಗಿ ಮ್ಯಾಲೆ ಇದ್ದನಂತ” ಎಂದೆ. ಹೇಳಬೇಕೆಂದುಕೊಂಡದ್ದು ಬೇರೆ ಎಷ್ಟೋ ಇತ್ತು. ಅಕ್ಕನ ಕೂಸಿನ ಸುದ್ದಿ ತಂದ ಕೈ ಇದು ಎಂದು ಹೇಳಬೇಕಿತ್ತು, ಇಷ್ಟು ವರ್ಷ ನಮಗಾಗಿ ಓಡಿದ್ದಕ್ಕೆ ನಾವು ಯಾರೂ ನಿನಗೆ ಏನೂ ಕೊಟ್ಟಿಲ್ಲ ಎಂದು ಹೇಳಬೇಕಿತ್ತು. ಆಕೆ ನನಗೆ ಅವಕಾಶವೇ ಕೊಡಲಿಲ್ಲ. “ಉಂಡಾನಂತೇನ? ಕೇಳಿದ್ಯೋ ಇಲ್ಲೋ?” ಎಂದಳು. ನಾನು ಕೇಳಿರಲಿಲ್ಲ. “ಫೋನ್ ಎತ್ತಾಕ ಕಲೀಬೇಕ ಮೊದಲ ನೀವು” ಎಂದು ಬೈದಳು.

ಅಷ್ಟರಲ್ಲಿ ನನ್ನ ಗಂಡನ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಅವನು ಗುಂಡಿ ಒತ್ತಿ ಆಕೆಯ ಕೈಗೆ ಕೊಟ್ಟ. ಉಚ್ಚಂಗೆವ್ವ ಕೈಯನ್ನು ಸೀರೆಗೆ ಒರೆಸಿಕೊಂಡು, ಅದನ್ನು ಕಿವಿಗೆ ಹಿಡಿದು, ಅಭ್ಯಾಸದಂತೆ ದೊಡ್ಡ ದನಿಯಲ್ಲಿ ಕೂಗಿದಳು, “ಹಲೋ, ಕುಪ್ಪೇಲೂರು ಗಿರಣಿ ಮನಿ. ಯಾರನ್ನ ಕರೀಲಿ?”

ಓಣಿಯೆಲ್ಲ ಸುಮ್ಮನಿತ್ತು, ಆ ಕಡೆಯ ದನಿ ನಮಗೂ ಕೇಳಿಸಿತು.

“ಗಿರಣಿ ಉಚ್ಚಂಗೆವ್ವನ್ನ ಕರೀರಿ.”

ಹತ್ತು ಮಿನಿಟ ಬಿಟ್ಟು ಮಾಡ್ರಿ ಎನ್ನಬೇಕಾದ ಜಾಗ ಅದು. ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು. ಆಕೆಯ ಬಾಯಿ ತೆರೆಯಿತು.

“ಇಲ್ಲೇ ಅದಾಳೋ” ಎಂದಳು. “ಇಡಬ್ಯಾಡ, ಇಲ್ಲೇ ಅದಾಳ.”